ಮಕ್ಕಳಿಗಾಗಿ ಸೈಕಲ್ ಏರುವ ಮುನ್ನ

ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಮಕ್ಕಳಿಗಾಗಿ ಸೈಕಲ್ ತುಳಿದು ಹಣ ಕೂಡಿಸಬೇಕು ಅಂದುಕೊಂಡವರು ಮೊದಲು ವಿಚಾರಿಸುವುದು ಗೇರ್ ಸೈಕಲ್ ರೇಟು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಹಣ ಯಾರ ಕೈ ಸೇರುತ್ತದೆ ಎಂಬುದು. ಅದು ಇತ್ಯರ್ಥವಾದರೆ ಅರ್ಧ ದಾರಿ ಸವೆದಂತೆ.

ಗಾಜಾ, ಸುಡಾನ್, ಉಕ್ರೇನ್ ಮಕ್ಕಳನ್ನು ಟಿವಿಯಲ್ಲಿ ಕಂಡು ಮರುಗುವ ನಮಗೆ ನಿರಾಶ್ರಿತ ಮಕ್ಕಳ ಕಥೆ ಹೊಸದೇನಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಮತ್ತು ಹುಣಸೂರು ತಾಲ್ಲೂಕಿನ ಗುರುಪುರ, 1959ರ ದಂಗೆಯ ನಂತರ ಟಿಬೆಟ್ ತೊರೆದು ಬಂದವರಿಗೆ ನೆಲೆಯಾದ ಊರುಗಳು. 1960ರ ಮೇ ತಿಂಗಳಲ್ಲಿ ಜಮ್ಮು ಕಡೆಯ ರಸ್ತೆ ಕೆಲಸದ ಶಿಬಿರಗಳಿಂದ 51 ಟಿಬೆಟನ್ ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ರೋಗ, ಹಸಿವಿನಿಂದ ಸೊರಗಿದ್ದ ಅವರ ಆರೈಕೆಯನ್ನು ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ವಹಿಸಿಕೊಂಡರು. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆಟ್ಸುನ್ ಪೆಮಾ ದಶಕಗಳ ಕಾಲ ಆ ಕೆಲಸ ನಡೆಸಿದರು. ಅದೇ ಇಂದಿನ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್. ಬೈಲಕುಪ್ಪೆಯಲ್ಲೂ ಅದರ ಶಾಲೆಯಿದೆ. ಹಾಗಾಗಿ ಈ ಸವಾರಿಗೆ ಬೈಲಕುಪ್ಪೆಗಿಂತ ಒಳ್ಳೆಯ ಗುರಿ ನನಗೆ ತೋಚುವುದಿಲ್ಲ.

ಹಣದ ದಾರಿ

ಸಂಸ್ಥೆಯನ್ನು ಆರಿಸಿದ ಮೇಲೆ ಅಲ್ಲಿಗೆ ಹೋಗಿ ಮಾತಾಡಿ. ನೋಂದಣಿ ಪತ್ರ, ಹಿಂದಿನ ವರ್ಷದ ಆಡಿಟ್ ವರದಿ ನೋಡಿ. ಮಕ್ಕಳಿಗೆ ಸದ್ಯ ಬೇಕಿರುವುದು ಹಾಸ್ಟೆಲ್ ಊಟದ ಖರ್ಚೋ, ಔಷಧಿಯೋ, ಕಾಲೇಜು ಫೀಸೋ ಎಂದು ಕೇಳಿ. ಸಂಸ್ಥೆಯ ಹೆಸರು ಹೇಳಿ ಹಣ ಸಂಗ್ರಹಿಸಲು ಲಿಖಿತ ಒಪ್ಪಿಗೆ ಪಡೆಯಿರಿ.

ನಿಮ್ಮ ಸ್ವಂತ ಖಾತೆಗೆ, ನಿಮ್ಮ ಫೋನ್‌ಪೇ ನಂಬರಿಗೆ ಒಂದು ರೂಪಾಯಿಯೂ ಬರಕೂಡದು. ನೀವೆಷ್ಟೇ ಪ್ರಾಮಾಣಿಕರಾದರೂ ಇದು ಕಟ್ಟುನಿಟ್ಟು. ಸಂಸ್ಥೆಯ ಕ್ಯೂಆರ್ ಕೋಡನ್ನೇ ಕರಪತ್ರದಲ್ಲಿ ಮುದ್ರಿಸಿ, ದಾನಿ ನೇರವಾಗಿ ಅಲ್ಲಿಗೇ ಹಾಕಲಿ. 80ಜಿ ಎಂದು ಎಲ್ಲರಿಗೂ ಗೊತ್ತಿರುವ ತೆರಿಗೆ ರಿಯಾಯಿತಿ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ.

ಅಮೆರಿಕದಲ್ಲಿರುವ ಅಣ್ಣ, ಲಂಡನ್‌ನಲ್ಲಿರುವ ಗೆಳತಿ ಕೊಡುತ್ತೇನೆಂದರೆ ಅವರ ಪಾಸ್‌ಪೋರ್ಟ್ ಯಾವುದೆಂದು ಕೇಳಿ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪ್ರಜೆಯಾದವರ ಹಣ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲಿ ಅದನ್ನು ಪಡೆಯಬಹುದು.

ಗಾಜಾ ಅಥವಾ ಸುಡಾನ್ ಮಕ್ಕಳಿಗೇ ತಲುಪಬೇಕು ಎನ್ನುವವರು ಯುನಿಸೆಫ್‌ನಂಥ ಸಂಸ್ಥೆಗೆ ತಾವೇ ನೇರವಾಗಿ ಕೊಡಲಿ. ಎರಡನೇ ಮಹಾಯುದ್ಧದಿಂದ ಜರ್ಜರಿತವಾದ ದೇಶಗಳ ಮಕ್ಕಳಿಗಾಗಿಯೇ 1946ರ ಡಿಸೆಂಬರ್‌ನಲ್ಲಿ ಹುಟ್ಟಿದ ಸಂಸ್ಥೆ ಅದು. ನೀವು ಇಲ್ಲಿ ಕೂಡಿಸಿ ಹೊರದೇಶಕ್ಕೆ ಕಳಿಸುವ ಸಾಹಸ ಬೇಡ, ಕಾನೂನಿನ ತೊಡಕು ಬಹಳ. ಊಟ, ವಸತಿ, ರಿಪೇರಿ ಖರ್ಚು ನಿಮ್ಮ ಜೇಬಿನಿಂದಲೇ ಆಗಲಿ. ಮಕ್ಕಳ ಹೆಸರಲ್ಲಿ ಬಂದ ಹಣದಲ್ಲಿ ಟೀ ಶರ್ಟ್ ಹೊಲಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಮೈ ಪಳಗಲಿ

ಮೂರು ತಿಂಗಳು ಮುಂಚೆ ಶುರು ಮಾಡಿ. ವಾರಕ್ಕೆ ಮೂರು ದಿನ 20 ಕಿ.ಮೀ. ಸಾಕು, ವಾರವಾರ ಸ್ವಲ್ಪ ಸ್ವಲ್ಪ ಏರಿಸಿ. ಕೊನೆಯ ತಿಂಗಳು ಶನಿವಾರ 60, ಭಾನುವಾರ ಮತ್ತೆ 40 ಕಿ.ಮೀ. ತುಳಿಯಿರಿ. ನೋವು ಕಾಣಿಸಿಕೊಳ್ಳುವುದು ಎರಡನೇ ದಿನವೇ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಸೀಟಿನ ಎತ್ತರ ಅಷ್ಟಿರಲಿ. ಬಿಪಿ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿಯಿರಿ. ಹಲವು ಗೇರ್ ಸೈಕಲ್‌ಗಳ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವಿಗೆ ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಕೂರುವುದಿಲ್ಲ. ಚಿಟಿಕೆಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಒಂದು ಜೇಬಿನಲ್ಲಿದ್ದರೆ ಯಾವ ಊರಲ್ಲೂ ಗಾಳಿ ಸಿಗುತ್ತದೆ.

ದಾರಿ

ಒಟ್ಟು ಸುಮಾರು 230 ಕಿ.ಮೀ., ನಾಲ್ಕು ದಿನ. ಮೊದಲ ದಿನ ಮೈಸೂರಿನಿಂದ ಇಲವಾಲ, ಸಾಗರಕಟ್ಟೆ ಮೇಲೆ ಕೆ.ಆರ್. ನಗರ, ಅಲ್ಲಿಂದ ಹುಣಸೂರು. ಎರಡನೇ ದಿನ ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆ. ದೂರ ಕಡಿಮೆ, ಏರಿಳಿತ ಜಾಸ್ತಿ. ಮಧ್ಯಾಹ್ನದೊಳಗೆ ತಲುಪಿದರೆ ಶಾಲೆಯವರ ಜೊತೆ ಮಾತಿಗೆ ಸಮಯ ಸಿಗುತ್ತದೆ. ಮೂರನೇ ದಿನವೇ ಕಠಿಣ: ಅದೇ ದಾರಿಯಲ್ಲಿ ಹುಣಸೂರಿಗೆ ಮರಳಿ ಗುರುಪುರದ ಕಡೆಯಿಂದ ಎಚ್.ಡಿ. ಕೋಟೆ. ನಾಲ್ಕನೇ ದಿನ ಹ್ಯಾಂಡ್‌ಪೋಸ್ಟ್, ಹಂಪಾಪುರ, ಜಯಪುರ, ಮೈಸೂರು. ತಂಡದಲ್ಲಿ ವಿದೇಶಿ ಪ್ರಜೆಗಳಿದ್ದರೆ ಅವರು ಬೈಲಕುಪ್ಪೆ ಕ್ಯಾಂಪಿನಲ್ಲಿ ತಂಗಲು ಕೇಂದ್ರ ಗೃಹ ಇಲಾಖೆಯ ಅನುಮತಿ ಬೇಕು. ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಿ.

ಮಳೆ ನಿಂತು ಚಳಿ ಬಿದ್ದ ಡಿಸೆಂಬರ್ ಹಿತ. ಆದರೆ ಅದೇ ಸುಗ್ಗಿ ಕಾಲ. ರಾಗಿ, ಹುರುಳಿಯನ್ನು ಟಾರು ರಸ್ತೆಗೇ ಹರಡಿ ಒಕ್ಕಣೆಗೆ ಬಿಟ್ಟಿರುತ್ತಾರೆ. ಹುರುಳಿ ಬಳ್ಳಿಯ ಮೇಲೆ ಹಾಯಿಸಿದರೆ ಅದು ಹಿಂದಿನ ಚಕ್ರದ ಗೇರಿನ ಹಲ್ಲುಗಳ ನಡುವೆ ಸುತ್ತಿಕೊಂಡು ಚೈನು ಕಚ್ಚಿ ನಿಲ್ಲುತ್ತದೆ. ಎಳೆದಷ್ಟೂ ಬಿಗಿಯುತ್ತದೆ, ಬಿಡಿಸಲು ಬ್ಲೇಡೇ ಬೇಕು. ಹುಲ್ಲು ಕಂಡೊಡನೆ ಇಳಿದು ತಳ್ಳಿಕೊಂಡು ಹೋಗಿ. ರೈತರ ಕಾಳೂ ಉಳಿಯುತ್ತದೆ, ನಿಮ್ಮ ಮೊಣಕಾಲೂ ಉಳಿಯುತ್ತದೆ. ಪಿರಿಯಾಪಟ್ಟಣ, ಹುಣಸೂರು ಸುತ್ತ ತಂಬಾಕು ಬೇಲು ಹೇರಿದ ವಾಹನಗಳು ಓಡಾಡುತ್ತವೆ; ಸಂಕ್ರಾಂತಿ ಹೊತ್ತಿಗೆ ಕೆ.ಆರ್. ನಗರದ ಕಡೆ ಚುಂಚನಕಟ್ಟೆ ದನದ ಜಾತ್ರೆಯ ಜನ ರಸ್ತೆಯಲ್ಲಿರುತ್ತಾರೆ.

ಗುರುಪುರದಿಂದ ಎಚ್.ಡಿ. ಕೋಟೆವರೆಗೆ ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ನಾಲ್ಕರ ನಂತರ ಸೈಕಲ್ ಬೇಡ. ಪಕ್ಕದಲ್ಲೇ ನಾಗರಹೊಳೆ ಕಾಡು. ಆನೆ, ಹುಲಿ ಹೊಲಕ್ಕೂ ಬರುತ್ತವೆ. ವೀರನಹೊಸಹಳ್ಳಿ ಗೇಟಿನಿಂದ ಒಳಗೆ ಅಥವಾ ಬಾವಲಿ ಕಡೆ ಹೋಗುವ ಆಸೆ ಬಿಡಿ. ಕಾಡಂಚಿನಲ್ಲಿ ಯಾರೂ ಒಂಟಿಯಾಗಿ ಹಿಂದುಳಿಯಬಾರದು.

ನೀರಿಗೆ ಓಆರ್‌ಎಸ್ ಬೆರೆಸಿಕೊಳ್ಳಿ. ಅದಿಲ್ಲದಿದ್ದರೆ ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗಂಟೆಗೊಮ್ಮೆ ಬಾಳೆಹಣ್ಣು, ಕಡಲೆ ಮಿಠಾಯಿ.

ಮಕ್ಕಳ ಮುಂದೆ

ಶಾಲೆ ಕರೆದರೆ ಮಾತ್ರ ಒಳಗೆ ಹೋಗಿ. ಹೋದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚೆಕ್ ಹಿಡಿದು ಫೋಟೊ ತೆಗೆಸಬೇಡಿ. ಅಪ್ಪ ಅಮ್ಮ ಎಲ್ಲಿ, ಹೇಗೆ ಓಡಿ ಬಂದಿರಿ ಎಂದು ಕೆದಕಬೇಡಿ. ಸೈಕಲ್ ಮುಟ್ಟಿ ನೋಡಲಿ, ಒಂದು ಸುತ್ತು ಹೊಡೆಯಲಿ. ಹಣದ ಪತ್ರ ವ್ಯವಹಾರ ಕಚೇರಿಯಲ್ಲಿ ಮುಗಿಯಲಿ.

ವಾಪಸಾದ ಹದಿನೈದು ದಿನದೊಳಗೆ ಎಷ್ಟು ಮಂದಿ ಎಷ್ಟು ಕೊಟ್ಟರು ಎಂಬ ಲೆಕ್ಕವನ್ನು ಸಂಸ್ಥೆಯಿಂದಲೇ ಬರೆಸಿಕೊಂಡು ಎಲ್ಲ ದಾನಿಗಳಿಗೂ ಕಳಿಸಿ. ಆರು ತಿಂಗಳ ನಂತರ ಹಣ ಯಾವುದಕ್ಕೆ ಖರ್ಚಾಯಿತು ಎಂದು ಕೇಳಿ ಇನ್ನೊಂದು ಪತ್ರ ತರಿಸಿ, ಅದನ್ನೂ ಕಳಿಸಿ.