ಮೇಲಿನ ದವಡೆಹಲ್ಲು ಮತ್ತು ವಾಸಿಯಾಗದ ನೆಗಡಿ



ಎತ್ತು ಕಾದಾಡಿ ಬುಡದಲ್ಲಿ ಕೋಡು ಮುರಿದುಕೊಂಡರೆ ಕೆಲವು ವೇಳೆ ಅದೇ ಬದಿಯ ಮೂಗಿನಿಂದ ರಕ್ತ ಬರುತ್ತದೆ. ಗಾಯ ಕೋಡಿಗೆ, ರಕ್ತ ಮೂಗಿನಲ್ಲಿ, ಇದೇಕೆ? ಬೆಳೆದ ಎತ್ತಿನ ಕೋಡಿನ ಎಲುಬು ಒಳಗೆ ಪೊಳ್ಳು. ಆ ಪೊಳ್ಳು ಹಣೆಯ ಪೊಳ್ಳಿಗೆ ಕೂಡಿದೆ. ಹಣೆಯ ಪೊಳ್ಳು ಮೂಗಿಗೆ ತೆರೆದಿದೆ. ಗಾಯ ಕೀವಾದರೆ ಆ ಕೀವೂ ಮೂಗಿನಲ್ಲಿಯೇ ಇಳಿಯುತ್ತದೆ. ಮನುಷ್ಯನ ತಲೆಯಲ್ಲಿಯೂ ಇಂಥ ದಾರಿಯೊಂದು ಉಂಟು. ಅದು ಮೇಲಿನ ಹಲ್ಲಿನ ಬೇರಿನ ದಾರಿ.

ನಮ್ಮ ಎರಡೂ ಕೆನ್ನೆಗಳ ಎಲುಬಿನೊಳಗೆ ಒಂದೊಂದು ಗಾಳಿಯ ಪೊಳ್ಳು ಇದೆ. ಇದಕ್ಕೆ ಸೈನಸ್ ಎನ್ನುತ್ತಾರೆ. ಇಂಗ್ಲೆಂಡಿನ ವೈದ್ಯ ನಥಾನಿಯೆಲ್ ಹೈಮೋರ್ 1651ರಲ್ಲಿ ಇದನ್ನು ವಿವರವಾಗಿ ವರ್ಣಿಸಿದನು. ಹಲ್ಲು ಕೀಳಿಸಿದ ಮೇಲೆ ಈ ಪೊಳ್ಳಿಗೆ ದಾರಿಯಾದ ಒಬ್ಬ ಹೆಣ್ಣುಮಗಳ ಸಂಗತಿಯನ್ನೂ ಬರೆದಿಟ್ಟನು. ಮೇಲಿನ ದವಡೆಹಲ್ಲುಗಳ ಬೇರುಗಳು ಈ ಪೊಳ್ಳಿನ ತಳಕ್ಕೆ ಬಹು ಹತ್ತಿರ. ಕೆಲವರಲ್ಲಿ ನಡುವೆ ತೆಳುವಾದ ಎಲುಬಿನ ಪದರ ಮಾತ್ರ ಇರುತ್ತದೆ.

ಹಲ್ಲು ಹುಳುಕಾಗಿ ಒಳಗಿನ ನರ ಸತ್ತಾಗ ನೋವು ನಿಲ್ಲುತ್ತದೆ. ಹಲ್ಲು ವಾಸಿಯಾಯಿತೆಂದು ನಾವು ಸುಮ್ಮನಾಗುತ್ತೇವೆ. ಆದರೆ ರೋಗಾಣುಗಳು ಬೇರಿನ ತುದಿಯಲ್ಲಿ ಬೆಳೆಯುತ್ತಲೇ ಇರುತ್ತವೆ. ಅಲ್ಲಿಯ ಕೀವು ತೆಳು ಎಲುಬನ್ನು ತಿಂದು ಸೈನಸ್ಸಿಗೆ ಸೇರುತ್ತದೆ. ಸೈನಸ್ಸಿನ ಬಾಯಿ ಹಗೇವಿನ ಬಾಯಿಯಂತೆ ಮೇಲುಗಡೆ ಇದೆ. ಒಳಪೊರೆ ಊದಿಕೊಂಡರೆ ಅದೂ ಮುಚ್ಚುತ್ತದೆ. ಆಗ ಕೀವು ಅಲ್ಲಿಯೇ ನಿಲ್ಲುತ್ತದೆ. ಕೆನ್ನೆಯ ಸೈನಸ್ಸಿನ ಸೋಂಕುಗಳಲ್ಲಿ ನೂರಕ್ಕೆ 10ರಿಂದ 40ರಷ್ಟು ಹಲ್ಲಿನಿಂದ ಬಂದವೆಂದು ಬೇರೆ ಬೇರೆ ವೈದ್ಯರು ಲೆಕ್ಕ ಹಾಕಿದ್ದಾರೆ.

ಗುರುತಿಸುವುದು ಹೇಗೆ?

1. ಸಾಮಾನ್ಯ ನೆಗಡಿಯಲ್ಲಿ ಎರಡೂ ಮೂಗು ಕಟ್ಟುತ್ತವೆ. ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ಹಲ್ಲಿನಿಂದ ಬಂದದ್ದು ಹೆಚ್ಚಾಗಿ ಒಂದೇ ಬದಿಗೆ ಇರುತ್ತದೆ, ತಿಂಗಳುಗಟ್ಟಲೆ ಬಿಡುವುದಿಲ್ಲ.
2. ಸಿಂಬಳಕ್ಕೆ ಕೊಳೆತ ನಾತವಿರುತ್ತದೆ. ರೋಗಿಗೇ ಆ ನಾತ ತಿಳಿಯುತ್ತದೆ.
3. ಮಾತ್ರೆ ನುಂಗಿದಾಗ ಕಡಿಮೆಯಾಗಿ, ಬಿಟ್ಟೊಡನೆ ಮರಳಿ ಬರುತ್ತದೆ. ಮೂಲ ಹಲ್ಲಿನಲ್ಲಿ ಉಳಿದಿರುವುದೇ ಇದಕ್ಕೆ ಕಾರಣ.
4. ಅದೇ ಬದಿಯ ಮೇಲ್ದವಡೆಯಲ್ಲಿ ಹುಳುಕು ಹಲ್ಲು, ಮುರಿದ ಬೇರು ಅಥವಾ ಹಿಂದೆ ಚಿಕಿತ್ಸೆಯಾದ ಹಲ್ಲು ಇರುತ್ತದೆ. ಅದು ನೋಯುತ್ತಿರಲೇಬೇಕೆಂದಿಲ್ಲ.

ಇದಕ್ಕೆ ವಿರುದ್ಧವಾಗಿ, ಬರೀ ನೆಗಡಿಯಿಂದ ಸೈನಸ್ ಊದಿದಾಗಲೂ ಮೇಲಿನ ಹಲವು ಹಲ್ಲುಗಳು ಒಟ್ಟಿಗೆ ನೋಯಬಹುದು. ಬಗ್ಗಿದರೆ ನೋವು ಹೆಚ್ಚುತ್ತದೆ. ಆದ್ದರಿಂದ ಪರೀಕ್ಷೆಯಿಲ್ಲದೆ ಒಳ್ಳೆಯ ಹಲ್ಲನ್ನು ಕೀಳಿಸಬೇಡಿರಿ.

ಏನು ಮಾಡಬೇಕು?

ದಂತವೈದ್ಯರನ್ನೂ ಕಿವಿ-ಮೂಗು-ಗಂಟಲು ವೈದ್ಯರನ್ನೂ ಕಾಣಬೇಕು. ಎಕ್ಸ್-ರೇಯಲ್ಲಿ, ಬೇಕಾದರೆ ಸಿ.ಟಿ. ಸ್ಕ್ಯಾನಿನಲ್ಲಿ ಬೇರಿನ ತುದಿ ಕಾಣುತ್ತದೆ. ಹಲ್ಲು ಉಳಿಯುವಂತಿದ್ದರೆ ಬೇರಿನ ಒಳಗನ್ನು ಶುದ್ಧಮಾಡಿ ತುಂಬುತ್ತಾರೆ, ಇಲ್ಲವಾದರೆ ಕೀಳುತ್ತಾರೆ. ಕೆಲವರಿಗೆ ಸೈನಸ್ಸಿನ ಚಿಕಿತ್ಸೆಯೂ ಬೇಕಾಗುತ್ತದೆ. ಹಲ್ಲು ಕೀಳಿಸಿದ ಮೇಲೆ ಬಾಯಿ ಮುಕ್ಕಳಿಸಿದ ನೀರು ಮೂಗಿನಲ್ಲಿ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಿರಿ. ಮೂಗನ್ನು ಜೋರಾಗಿ ಸೀನಬೇಡಿರಿ.

ಸತ್ತೂರಿನ ಎಸ್.ಡಿ.ಎಂ. ದಂತ ಮಹಾವಿದ್ಯಾಲಯವು 1986ರಲ್ಲಿ ಆರಂಭವಾಯಿತು. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ, ಜನರು ಕಿಮ್ಸ್ ಎನ್ನುವ ಸರಕಾರಿ ಆಸ್ಪತ್ರೆ ಇದೆ. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಚೀಟಿ ಬರೆಸಿಕೊಂಡು ಹೋಗಬಹುದು.

ಕಣ್ಣಿನ ಸುತ್ತ ಬಾವು, ಕಣ್ಣು ಮಂಜಾಗುವುದು, ಬಲವಾದ ಜ್ವರ, ತಡೆಯಲಾರದ ತಲೆನೋವು: ಇವು ಕಂಡರೆ ಬಿತ್ತಿಗೆ ಮುಗಿಯಲೆಂದು ಕಾಯಬೇಡಿರಿ. ಸೋಂಕು ಕಣ್ಣಿಗೂ ಮಿದುಳಿಗೂ ಹಬ್ಬಬಹುದು. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹುಳುಕು ಹಲ್ಲಿನಲ್ಲಿ ಕಣ್ಣಿಗೆ ಕಾಣುವ ಹುಳವಿಲ್ಲ. ಬೀಜದ ಹೊಗೆ ಹಿಡಿಸುವುದರಿಂದ ಬೇರಿನ ಕೀವು ಹೋಗದು. ತಂಬಾಕು, ಮಿಶ್ರಿ ತಿಕ್ಕುವುದನ್ನು ಬಿಡಿರಿ. ದಿನಕ್ಕೆ ಎರಡು ಸಲ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿರಿ. ಹುಳುಕು ಸಣ್ಣದಿರುವಾಗಲೇ ತುಂಬಿಸಿದರೆ ಖರ್ಚೂ ಕಡಿಮೆ, ಹಲ್ಲೂ ಉಳಿಯುತ್ತದೆ. ನಿಮ್ಮ ಮನೆಯಲ್ಲಿ ಒಂದೇ ಮೂಗು ಸೋರುವವರಿದ್ದರೆ, ಮುಂದಿನ ಸಂತೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ ಹಲ್ಲು ತೋರಿಸಿರಿ.