ಸಯಾಟಿಕಾ ಮತ್ತು ಬೆನ್ನಿನ ಶಸ್ತ್ರಚಿಕಿತ್ಸೆ

ಮಲ್ಕಾಜ್‌ಗಿರಿಯಲ್ಲಿ ನೆಲೆಸಿ, ದಿನವೂ ಸ್ಕೂಟರಿನ ಮೇಲೆ ಕೋಠಿಯ ಕಚೇರಿಗೆ ಹೋಗಿಬರುವ, ನಲವತ್ತೈದರ ಆಸುಪಾಸಿನ ಒಬ್ಬ ಕನ್ನಡಿಗ ಗೃಹಸ್ಥರನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಕಲ್ಪನೆಗೆ ಹೆಚ್ಚು ಶ್ರಮವೇನೂ ಬೇಕಿಲ್ಲ. ಆನಂದಬಾಗ್, ಮಿರ್ಜಾಲಗುಡ, ಸಫಿಲ್‌ಗುಡಗಳ ಯಾವ ಗಲ್ಲಿಯಲ್ಲಿ ವಿಚಾರಿಸಿದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ಬಗ್ಗಿ ಗ್ಯಾಸ್ ಸಿಲಿಂಡರನ್ನು ಎತ್ತುವಾಗ ಅವರ ಸೊಂಟದಲ್ಲಿ ಚಳಕ್ಕೆನ್ನುತ್ತದೆ. ಎರಡು ದಿನ ಮುಲಾಮು, ಬಿಸಿನೀರಿನ ಚೀಲ. ಮೂರನೆಯ ದಿನ ನೋವು ಸೊಂಟವನ್ನು ಬಿಟ್ಟು ಪೃಷ್ಠಕ್ಕಿಳಿದು, ತೊಡೆಯ ಹಿಂಭಾಗದಿಂದ ಮೀನಖಂಡದ ಮೂಲಕ ಪಾದದವರೆಗೆ ಕಾದ ತಂತಿಯನ್ನು ಎಳೆದಂತೆ ಹರಿಯುತ್ತದೆ. ಕೆಮ್ಮಿದರೆ ನೋವು, ಸೀನಿದರೆ ನೋವು, ಕುಳಿತರಂತೂ ಸಹಿಸಲಸಾಧ್ಯ. ತಿಂಗಳೊಳಗೆ ಕೈಯಲ್ಲಿ ಒಂದು ಎಂ.ಆರ್.ಐ. ಚಿತ್ರ, ಮೂವರು ವೈದ್ಯರ ಮೂರು ಅಭಿಪ್ರಾಯ. ಮನೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ಆಪರೇಷನ್ ಮಾಡಿಸುವುದೇ, ಬೇಡವೇ? ‘ಬೆನ್ನಿಗೆ ಕತ್ತಿ ತಾಗಿಸಿಕೊಂಡವರು ಮತ್ತೆ ಎದ್ದದ್ದಿಲ್ಲಪ್ಪ’ ಎಂದು ರಾಯಚೂರಿನಿಂದ ತಾಯಿ ಫೋನಿನಲ್ಲಿ ಕಣ್ಣೀರಿಡುತ್ತಾರೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಬೆನ್ನಿನ ರಚನೆಯನ್ನು ತುಸು ತಿಳಿಯಬೇಕು. ಬೆನ್ನೆಲುಬಿನ ಮಣಿಗಳ ನಡುವೆ ಒಟ್ಟು 23 ಮೆತ್ತೆಗಳಿವೆ, ಇವೇ ಡಿಸ್ಕುಗಳು. ಪ್ರತಿಯೊಂದರ ಹೊರಭಾಗ ಗಟ್ಟಿ ನಾರಿನ ಬಳೆ, ಒಳಭಾಗ ಲೋಳೆಯಂಥ ತಿರುಳು. ವಯಸ್ಸು ಕಳೆದಂತೆ ಬಳೆಯಲ್ಲಿ ಬಿರುಕುಗಳು ಮೂಡುತ್ತವೆ. ಒತ್ತಡ ಹೆಚ್ಚಾದ ಒಂದು ಗಳಿಗೆಯಲ್ಲಿ ತಿರುಳು ಆ ಬಿರುಕಿನಿಂದ ಹೊರನುಗ್ಗಿ, ಪಕ್ಕದಲ್ಲಿ ಹಾದುಹೋಗುವ ನರದ ಬೇರನ್ನು ಒತ್ತುತ್ತದೆ. ಆದುದರಿಂದ ‘ಡಿಸ್ಕ್ ಜಾರಿತು’ ಎಂಬ ಮಾತು ಪೂರ್ತಿ ಸರಿಯಲ್ಲ. ಜಾರುವುದು ಡಿಸ್ಕಲ್ಲ, ಒಡೆದ ಬಳೆಯಿಂದ ಹೊರಬರುವುದು ತಿರುಳು. ಯಾರೋ ಸೊಂಟವನ್ನು ಹಿಡಿದು ತಿರುವಿ ‘ಕೂರಿಸುತ್ತೇನೆ’ ಎಂದರೆ ಅದು ಏಕೆ ಕೂರುವುದಿಲ್ಲ ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಬರಿಯ ಸ್ನಾಯುವಿನ ಉಳುಕಾಗಿದ್ದರೆ ಅದು ತಾನಾಗಿಯೇ ವಾಸಿಯಾಗಿ ಒದ್ದವರಿಗೆ ಕೀರ್ತಿ ಬರುತ್ತದೆ. ತಿರುಳು ಹೊರಬಿದ್ದಿದ್ದರೆ ಆ ಒದೆತದಿಂದ ಕೇಡೇ ಹೆಚ್ಚು.

ಬಹುಪಾಲು ಪ್ರಕರಣಗಳಲ್ಲಿ ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲೇ ತೊಂದರೆ. ಅಲ್ಲಿಂದ ಹೊರಡುವ ಬೇರುಗಳು ಸೇರಿ ಆಗುವ ನರವೇ ಸಯಾಟಿಕ್ ನರ; ಶರೀರದಲ್ಲಿ ಇದಕ್ಕಿಂತ ದಪ್ಪವಾದ ನರ ಬೇರೊಂದಿಲ್ಲ. ನಮ್ಮ ಪ್ರಾಚೀನರು ಈ ವ್ಯಾಧಿಯನ್ನು ಗೃಧ್ರಸೀ ಎಂದು ಕರೆದಿದ್ದರು. ಪೃಷ್ಠದಿಂದ ಹೊರಟು ಸೊಂಟ, ತೊಡೆ, ಮೊಣಕಾಲು, ಮೀನಖಂಡ, ಪಾದಗಳಲ್ಲಿ ಕ್ರಮವಾಗಿ ನೋವು ಹರಡುವುದನ್ನು ಚರಕಸಂಹಿತೆ ವರ್ಣಿಸಿದೆ. ಕಾಲೆತ್ತಲು ಅಡ್ಡಿಯಾಗುವುದನ್ನು ಸುಶ್ರುತಸಂಹಿತೆ ಗುರುತಿಸಿದೆ. ಇಂದಿಗೂ ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದಂತೆ ಕಾಲನ್ನು ಮೇಲೆತ್ತಿ ಪರೀಕ್ಷಿಸುತ್ತಾರೆಂಬುದು ಗಮನಾರ್ಹ. ಆದರೆ ನೋವಿನ ಮೂಲ ಡಿಸ್ಕಿನಲ್ಲಿದೆಯೆಂದು ಖಚಿತವಾಗಿ ತೋರಿಸಿಕೊಟ್ಟದ್ದು 1934ರಲ್ಲಿ, ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು. ಅಲ್ಲಿಯವರೆಗೆ ಆಪರೇಷನ್ನಿನಲ್ಲಿ ಸಿಕ್ಕ ಆ ತುಣುಕನ್ನು ಗೆಡ್ಡೆಯೆಂದೇ ಭಾವಿಸಲಾಗುತ್ತಿತ್ತು.

ಯಾವ ಬೇರು ಸಿಕ್ಕಿಬಿದ್ದಿದೆ ಎಂಬುದನ್ನು ಕಾಲೇ ಹೇಳುತ್ತದೆ. ಸೊಂಟದ ಐದನೆಯ ನರಕ್ಕೆ ಪೆಟ್ಟಾದರೆ ಪಾದದ ಮೇಲ್ಭಾಗ ಜೋಮು ಹಿಡಿದು, ಹೆಬ್ಬೆರಳನ್ನು ಮೇಲಕ್ಕೆತ್ತುವ ಶಕ್ತಿ ಕುಗ್ಗುತ್ತದೆ. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದದ್ದು ತಿಳಿಯುವುದಿಲ್ಲ. ಅದರ ಕೆಳಗಿನ ನರಕ್ಕಾದರೆ ಕಿರುಬೆರಳಿನ ಬದಿ ಮರಗಟ್ಟುತ್ತದೆ, ತುದಿಗಾಲ ಮೇಲೆ ನಿಲ್ಲಲಾಗುವುದಿಲ್ಲ. ಎಂ.ಆರ್.ಐ. ಚಿತ್ರಕ್ಕೂ ಈ ಲಕ್ಷಣಗಳಿಗೂ ತಾಳೆಯಾಗಬೇಕು. ಲೆಕ್ಕಪುಸ್ತಕಕ್ಕೂ ಕೈಯಲ್ಲಿರುವ ನಗದಿಗೂ ತಾಳೆಯಾಗಬೇಕಾದಂತೆಯೇ. ಈ ಮಾತು ಮುಖ್ಯವಾದುದು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಚಿತ್ರ ತೆಗೆದು ನೋಡಿದಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಡಿಸ್ಕ್ ಉಬ್ಬಿರುವುದು ಕಂಡಿತು. ಚಿತ್ರದ ವರದಿಯಲ್ಲಿರುವ ಭಯಂಕರ ಶಬ್ದಗಳನ್ನು ಓದಿ ನಿದ್ದೆಗೆಡುವವರು ಇದನ್ನು ನೆನಪಿಡಬೇಕು. ಆಪರೇಷನ್ ಮಾಡುವುದು ಮನುಷ್ಯನಿಗೆ, ಫಿಲ್ಮಿಗಲ್ಲ.

ಇನ್ನು ಕಾಯುವುದರ ವಿಚಾರ. ಹೆಚ್ಚಿನ ರೋಗಿಗಳಲ್ಲಿ ಕಾಲಿನ ನೋವು ಆರರಿಂದ ಹನ್ನೆರಡು ವಾರಗಳಲ್ಲಿ ಬಹಳಮಟ್ಟಿಗೆ ಇಳಿಯುತ್ತದೆ. ಹೊರಬಿದ್ದ ತಿರುಳನ್ನು ಶರೀರವು ಪರಕೀಯ ವಸ್ತುವೆಂದು ಬಗೆದು ಕ್ರಮೇಣ ಕರಗಿಸಿಬಿಡುವುದುಂಟು. ಅಚ್ಚರಿಯೆಂದರೆ, ಪೂರ್ತಿ ಹೊರಬಿದ್ದ ದೊಡ್ಡ ತುಣುಕೇ ಬಳೆಯೊಳಗಿನ ಸಣ್ಣ ಉಬ್ಬಿಗಿಂತ ಹೆಚ್ಚಾಗಿ ಕರಗುತ್ತದೆ. ಹಿಂದೆ ಇಂಥವರನ್ನು ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸಿ, ಕಾಲಿಗೆ ತೂಕ ಕಟ್ಟಿ ಎಳೆಯುತ್ತಿದ್ದರು. 1999ರಲ್ಲಿ ನೆದರ್ಲೆಂಡ್ಸಿನಲ್ಲಿ 183 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಎರಡು ವಾರ ಹಾಸಿಗೆ ಹಿಡಿದವರಿಗೂ ಆದಷ್ಟು ಓಡಾಡುತ್ತಿದ್ದವರಿಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ತೀರ ಸಹಿಸಲಾಗದ ಒಂದೆರಡು ದಿನ ಮಲಗಿ, ಆಮೇಲೆ ಸಾಧ್ಯವಿದ್ದಷ್ಟು ನಡೆಯುವುದೇ ಲೇಸು. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯ ಮೇರೆಗೆ ಮಾತ್ರ ನುಂಗಬೇಕು. ಔಷಧದಂಗಡಿಯವನ ಸಲಹೆಯಂತೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ನರದ ಬಳಿ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವರಿಗೆ ಕೆಲವು ವಾರಗಳ ಉಪಶಮನ ಕೊಡುತ್ತದೆ, ಅಷ್ಟೆ. ಸೊಂಟಪಟ್ಟಿ ಪ್ರಯಾಣದ ಹೊತ್ತಿಗೆ ಧೈರ್ಯ ಕೊಡುತ್ತದೆ. ದಿನವಿಡೀ ಕಟ್ಟಿಕೊಂಡರೆ ಸ್ನಾಯುಗಳು ಸೋಮಾರಿಯಾಗುತ್ತವೆ.

ಕೂರುವ ವಿಷಯದಲ್ಲಿ ಸ್ವೀಡನ್ನಿನ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿನೊಳಗೆ ಸೂಜಿಯಿಟ್ಟು ಒತ್ತಡವನ್ನು ಅಳೆದರು. ನಿಂತಾಗಿಗಿಂತ ಕುಳಿತಾಗ ಒತ್ತಡ ಹೆಚ್ಚೆಂದು ಅವರಿಗೆ ಕಂಡಿತು. ಬೆನ್ನಿಗೆ ಒರಗಿ ಸಡಿಲವಾಗಿ ಕುಳಿತರೆ ಹಾಗಾಗುವುದಿಲ್ಲವೆಂದು 1999ರ ಇನ್ನೊಂದು ಅಳತೆ ಹೇಳಿದೆ. ಬಗ್ಗಿ ಭಾರ ಎತ್ತುವಾಗ ಒತ್ತಡ ಬಹಳವಾಗಿ ಏರುತ್ತದೆಂಬುದರಲ್ಲಿ ಎರಡಕ್ಕೂ ಭಿನ್ನಾಭಿಪ್ರಾಯವಿಲ್ಲ. ಮೇಜಿನ ಮೇಲೆ ಬಾಗಿ ಗಂಟೆಗಟ್ಟಲೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಮೇಲಧಿಕಾರಿಗಳು ಆಕ್ಷೇಪಿಸಬಾರದು.

ಆದರೆ ಕಾಯಲೇಬಾರದ ಒಂದು ಸಂದರ್ಭವಿದೆ. ಬೆನ್ನುಹುರಿಯು ಸೊಂಟದ ಮೊದಲ ಎರಡು ಮಣಿಗಳ ಮಟ್ಟದಲ್ಲೇ ಮುಗಿದು, ಅದರ ಕೆಳಗೆ ನರಗಳು ಕುದುರೆಯ ಬಾಲದಂತೆ ಗೊಂಚಲಾಗಿ ಇಳಿದಿರುತ್ತವೆ. ದೊಡ್ಡ ತುಣುಕೊಂದು ಈ ಗೊಂಚಲನ್ನೇ ಒತ್ತಿದರೆ ಮೂತ್ರ ಕಟ್ಟಿಕೊಳ್ಳುತ್ತದೆ ಅಥವಾ ಅರಿವಿಲ್ಲದೆ ಹೋಗುತ್ತದೆ, ಮಲದ ಹಿಡಿತ ತಪ್ಪುತ್ತದೆ, ಸೈಕಲ್ಲಿನ ಸೀಟಿಗೆ ತಾಗುವ ಭಾಗವೆಲ್ಲ ಮರಗಟ್ಟುತ್ತದೆ. ಇಂಥ ಲಕ್ಷಣ ಕಂಡ ರಾತ್ರಿಯೇ, ಬೆಳಗಾಗಲೆಂದು ಕಾಯದೆ, ನರಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಂದೆರಡು ದಿನ ತಡವಾದರೂ ನಷ್ಟ ಶಾಶ್ವತವಾಗಬಹುದು. ಸಂಕೋಚದಿಂದ ಮನೆಯವರಿಗೂ ಹೇಳದೆ ಉಳಿಯುವವರು ಗಂಡಸರಲ್ಲೂ ಹೆಂಗಸರಲ್ಲೂ ಇದ್ದಾರೆ. ಪಾದ ದಿನೇದಿನೇ ಶಕ್ತಿಗುಂದುತ್ತಿದ್ದರೂ ತಡಮಾಡಬಾರದು.

ಇವೆರಡೂ ಇಲ್ಲದೆ, ಆರೆಂಟು ವಾರವಾದರೂ ತಗ್ಗದ ನೋವು ಮಾತ್ರ ಇರುವವರದೇ ನಿಜವಾದ ಸಂದಿಗ್ಧ. ನಾರ್ವೆಯ ವೆಬರ್ ಎಂಬ ವೈದ್ಯರು ಇಂಥ ಅನಿಶ್ಚಿತ ಸ್ಥಿತಿಯ 126 ರೋಗಿಗಳನ್ನು ಎರಡು ಪಂಗಡ ಮಾಡಿ, ಹತ್ತು ವರ್ಷಗಳ ಫಲಿತಾಂಶವನ್ನು 1983ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವರು ಸ್ಪಷ್ಟವಾಗಿ ಮುಂದಿದ್ದರು. ನಾಲ್ಕನೆಯ ವರ್ಷಕ್ಕೆ ಅಂತರ ಗಣನೀಯವಾಗಿ ಉಳಿಯಲಿಲ್ಲ. 2007ರ ಡಚ್ ಅಧ್ಯಯನದಲ್ಲಿ 283 ರೋಗಿಗಳಿದ್ದರು. ಬೇಗ ಆಪರೇಷನ್ ಆದವರ ನೋವು ಬೇಗ ಇಳಿಯಿತು. ಕಾಯಲು ಹೇಳಿದವರಲ್ಲಿ ನೂರಕ್ಕೆ 39 ಮಂದಿ ಕೊನೆಗೆ ಆಪರೇಷನ್ನಿಗೇ ಹೋದರು. ಉಳಿದವರಿಗೆ ಅದು ಬೇಕಾಗಲಿಲ್ಲ. ವರ್ಷದ ಕೊನೆಗೆ ಎರಡೂ ಪಂಗಡಗಳಲ್ಲಿ ನೂರಕ್ಕೆ 95 ಮಂದಿ ಗುಣವಾಗಿದ್ದರು. ಅಂದರೆ ಇಲ್ಲಿ ಶಸ್ತ್ರಚಿಕಿತ್ಸೆಯಿಂದ ರೋಗಿಯು ಕೊಳ್ಳುವುದು ಮುಖ್ಯವಾಗಿ ಕಾಲವನ್ನು: ನೋವಿಲ್ಲದ ಕೆಲವು ತಿಂಗಳುಗಳನ್ನು. ರಜೆ ತೀರಿಹೋದವರಿಗೆ, ರಾತ್ರಿ ನಿದ್ದೆಯಿಲ್ಲದವರಿಗೆ ಆ ತಿಂಗಳುಗಳ ಬೆಲೆ ಸಣ್ಣದಲ್ಲ. ಕಾಯಲು ಅನುಕೂಲವಿರುವವರಿಗೆ ಕಾಯುವುದರಿಂದಲೂ ನಷ್ಟವಿಲ್ಲ.

ತಾಯಂದಿರ ಭಯಕ್ಕೆ ಇಲ್ಲಿ ಒಂದು ಸಮಾಧಾನ ಹೇಳಬೇಕು. ಕೆಳಸೊಂಟದ ಆಪರೇಷನ್ ನಡೆಯುವ ಜಾಗದಲ್ಲಿ ಬೆನ್ನುಹುರಿಯೇ ಇರುವುದಿಲ್ಲ. ಸೂಕ್ಷ್ಮದರ್ಶಕದ ನೆರವಿನಿಂದ ಅಂಗುಲದಷ್ಟು ಗಾಯ ಮಾಡಿ, ನರವನ್ನು ಒತ್ತುತ್ತಿರುವ ತುಣುಕನ್ನಷ್ಟೇ ತೆಗೆಯುವ ಕ್ರಮ 1970ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಸಾಮಾನ್ಯವಾಗಿ ಮರುದಿನದೊಳಗೆ ರೋಗಿಯನ್ನು ನಡೆಸುತ್ತಾರೆ. ಅಪಾಯವೇ ಇಲ್ಲವೆಂದಲ್ಲ. ನರದ ಹೊದಿಕೆ ಹರಿಯುವುದು, ಸೋಂಕು, ಅಪರೂಪವಾಗಿ ನರಕ್ಕೇ ಪೆಟ್ಟು. ಅದೇ ಜಾಗದಲ್ಲಿ ಮತ್ತೆ ತಿರುಳು ಹೊರಬರುವುದು ನೂರರಲ್ಲಿ ಐದರಿಂದ ಹತ್ತು ಮಂದಿಗೆ. ಕಾಲಿನ ನೋವು ಹೋದಷ್ಟು ಖಚಿತವಾಗಿ ಸೊಂಟದ ನೋವು ಹೋಗುವುದಿಲ್ಲ, ಜೋಮು ಕೂಡ ನಿಧಾನವಾಗಿ ಬಿಡುತ್ತದೆ. ತಿರುಪುಮೊಳೆ ಹಾಕಿ ಮಣಿಗಳನ್ನು ಬೆಸೆಯುವುದು ಬೇರೆಯೇ ದೊಡ್ಡ ಆಪರೇಷನ್. ಮೊದಲ ಸಲದ ಸಾಧಾರಣ ಡಿಸ್ಕ್ ತೊಂದರೆಗೆ ಅದನ್ನು ಸೂಚಿಸಿದರೆ ಕಾರಣ ಕೇಳಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಉಚಿತ. ಪಂಜಗುಟ್ಟದಲ್ಲಿ ಎಲ್ಲರೂ ನಿಮ್ಸ್ ಎಂದು ಕರೆಯುವ ಸಂಸ್ಥೆ ಹುಟ್ಟಿದ್ದೇ ನಿಜಾಮರ ಮೂಳೆ ಆಸ್ಪತ್ರೆಯಾಗಿ. ಎರಡನೆಯ ಅಭಿಪ್ರಾಯಕ್ಕೆ ಊರಲ್ಲಿ ಸ್ಥಳದ ಕೊರತೆಯಿಲ್ಲ.

ಹಣದ ವಿಷಯದಲ್ಲೂ ಎಚ್ಚರ ಬೇಕು. ಸ್ವಂತವಾಗಿ ಕೊಂಡ ಅನೇಕ ಆರೋಗ್ಯ ವಿಮಾ ಪಾಲಿಸಿಗಳಲ್ಲಿ, ಅಪಘಾತದಿಂದ ಆಗಿದ್ದ ಹೊರತು, ಡಿಸ್ಕ್ ಕಾಯಿಲೆಗೆ ಎರಡು ವರ್ಷಗಳ ಕಾಯುವ ಅವಧಿಯಿರುತ್ತದೆ. ದಿನಾಂಕ ಗೊತ್ತುಮಾಡುವ ಮೊದಲು ಪಾಲಿಸಿಯ ಸಣ್ಣಕ್ಷರಗಳನ್ನು ಓದಿಕೊಳ್ಳಬೇಕು.

ಮಲ್ಕಾಜ್‌ಗಿರಿಯ ಆ ಗೃಹಸ್ಥರು ಪ್ರತಿ ಭಾನುವಾರ ಹೆಬ್ಬೆರಳಿನ ಶಕ್ತಿಯನ್ನು ಪರೀಕ್ಷಿಸಿ, ನಡೆಯಬಲ್ಲ ದೂರವನ್ನು ಕ್ಯಾಲೆಂಡರಿನಲ್ಲಿ ಬರೆದಿಡಲಿ. ಎಂಟನೆಯ ವಾರ ಆ ಅಂಕೆಗಳನ್ನು ವೈದ್ಯರ ಮುಂದಿಟ್ಟರೆ ಮಾತು ಸುಲಭವಾಗುತ್ತದೆ. ತಾಯಿಯನ್ನೂ ರಾಯಚೂರಿನಿಂದ ಕರೆಸಿಕೊಂಡು ವೈದ್ಯರ ಬಳಿಗೆ ಜೊತೆಯಲ್ಲಿ ಕರೆದೊಯ್ಯುವುದು ಒಳ್ಳೆಯದು. ವೈದ್ಯರು ತೆಲುಗಿನವರಾದರೇನಂತೆ, ರಾಯಚೂರಿನವರಿಗೆ ತೆಲುಗು ಹೊಸದಲ್ಲ. ಅವರ ಪ್ರಶ್ನೆಗಳನ್ನು ಅವರೇ ಕೇಳಿಕೊಳ್ಳುತ್ತಾರೆ.