ಬಾವಿ ಯಾವ ದಿಕ್ಕಿಗಿತ್ತು ಎಂದು ಕೇಳಿ

ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿದ್ದು, ಹಬ್ಬಕ್ಕೆ ಎರಡು ದಿನ ಊರಿಗೆ ಬಂದು ಹೋಗುವ ಮಕ್ಕಳಿಗೆ ಈ ಮಾತು ಹೇಳುತ್ತಿದ್ದೇನೆ. ನನಗೀಗ ಅರವತ್ತನಾಲ್ಕು ವರ್ಷ. ನಲವತ್ತು ವರ್ಷದಿಂದ ಬರೆಯುತ್ತಿದ್ದೇನೆ. ಊರೂರು ತಿರುಗಿ, ಗುರುತಿಲ್ಲದವರ ಜಗುಲಿಯಲ್ಲಿ ಕೂತು ಅವರ ಕಷ್ಟಸುಖ ಕೇಳಿದ್ದೇನೆ. ನನ್ನ ಅಪ್ಪಯ್ಯನ ಎದುರು ಮಾತ್ರ ಒಂದು ದಿನವೂ ಹಾಗೆ ಕೂರಲಿಲ್ಲ.

ನಮ್ಮದು ಮುಳುಗಡೆಯ ಮನೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ಅಷ್ಟರಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು. ನಾನು ಅಮ್ಮನ ಸೊಂಟದ ಮೇಲಿದ್ದ ಕೂಸು. ಲಾರಿಯಲ್ಲಿ ತಂದು ಶಿವಮೊಗ್ಗದ ಕಡೆಯ ಕಾಡಂಚಿನಲ್ಲಿ ಇಳಿಸಿದ ಸಂಸಾರಗಳಲ್ಲಿ ನಮ್ಮದೂ ಒಂದು. ನಾಡಿಗೆ ಬೆಳಕು ಬರಲೆಂದು ಮನೆ ಬಿಟ್ಟವರಲ್ಲಿ ಅನೇಕರು ಆಮೇಲೆ ವರ್ಷಗಟ್ಟಲೆ ಚಿಮಣಿ ದೀಪದಲ್ಲೇ ಉಂಡರು. ಆ ಅನ್ಯಾಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಇವತ್ತು ಹೇಳಬೇಕಾದದ್ದು ಸರ್ಕಾರದ ತಪ್ಪನ್ನಲ್ಲ, ನನ್ನದನ್ನು.

ಸಾಗರದ ನಾ. ಡಿಸೋಜರು ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದವರು. ಈ ಜನರ ಸಂಕಟ ಕಣ್ಣಾರೆ ಕಂಡು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದರು. ಆ ಚಿತ್ರ ನೋಡಿ ಅತ್ತು ಮನೆಗೆ ಬಂದೆ. ಅಪ್ಪಯ್ಯ ಜಗುಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. "ಊಟ ಆಯ್ತಾ?" ಎಂದು ಕೇಳಿ ಒಳಗೆ ಹೋದೆ. ಯಾರ ಕಥೆಗೆ ಅತ್ತೆನೋ ಅವರನ್ನೇ ದಾಟಿಕೊಂಡು ಹೋದೆ.

2003ರ ಬೇಸಿಗೆ. ಮಳೆ ಕೈಕೊಟ್ಟು ಹಿನ್ನೀರು ತಳ ಸೇರಿತ್ತು. ನೀರು ಹಾಗೆ ಇಳಿದಾಗ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಹೊರಗೆ ಕಾಣುತ್ತದೆ. 1948ರಲ್ಲಿ ಮುಗಿದ ಅಣೆಕಟ್ಟು ಅದು. ಲಿಂಗನಮಕ್ಕಿ ತುಂಬಿದಾಗ ತಾನೂ ಮುಳುಗಿತು. ಪೇಪರಿನಲ್ಲಿ ಸುದ್ದಿ ಓದಿದ ಅಪ್ಪಯ್ಯ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. "ತಮಾ, ನೀರು ಇಳಿದಿದೆಯಂತೆ. ಒಮ್ಮೆ ಹೋಗಿ ಬರೋಣವಾ?" ಎಂದರು. ಜೀವಮಾನದಲ್ಲಿ ನನ್ನಿಂದ ಅವರು ಕೇಳಿದ್ದು ಅದೊಂದೇ. ನಾನು ವಿಶೇಷಾಂಕದ ಲೇಖನ ಮುಗಿಸುವ ಅವಸರದಲ್ಲಿದ್ದೆ. "ಮುಂದಿನ ವಾರ ಹೋಗೋಣ ಅಪ್ಪಯ್ಯ" ಎಂದೆ. ಮುಂದಿನ ವಾರ ಒಂದು ಭಾಷಣವಿತ್ತು. ಅದರ ಮುಂದಿನ ವಾರ ಇನ್ನೇನೋ. ಜೂನ್ ಬಂತು, ಮಳೆ ಹಿಡಿಯಿತು. ಅವರು ಮತ್ತೆ ಆ ಮಾತೆತ್ತಲಿಲ್ಲ. ದೀಪಾವಳಿಗೆ ಅವರೇ ಇರಲಿಲ್ಲ.

ಆ ಲೇಖನ ಯಾವುದರ ಬಗ್ಗೆ ಎಂಬುದು ಈಗ ನನಗೆ ನೆನಪಿಲ್ಲ.

ಮುಂದೊಂದು ಬೇಸಿಗೆಯಲ್ಲಿ ಒಬ್ಬನೇ ಹೋದೆ. ಬಿರುಕುಬಿಟ್ಟ ಕೆಸರಿನ ಮೇಲೆ ಅಲ್ಲಲ್ಲಿ ಜಂಬಿಟ್ಟಿಗೆ ಕಲ್ಲಿನ ತಳಪಾಯಗಳು. ಅಡಿಕೆ ಮರದ ಕಪ್ಪು ಬೊಡ್ಡೆಗಳು ಸಾಲಾಗಿ ನಿಂತಿದ್ದವು. ಒಂದು ಒರಳುಕಲ್ಲು ಬದಿಗೆ ವಾಲಿತ್ತು, ಗುಂಡಿಯಲ್ಲಿ ಒಣಗಿದ ಕೆಸರು. ಅದರ ಪಕ್ಕ ಅರ್ಧ ಗಂಟೆ ಕೂತೆ. ಇದು ನಿಮ್ಮದು, ಇದಲ್ಲ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಅಮ್ಮ ಅಪ್ಪಯ್ಯನಿಗಿಂತ ಮೊದಲೇ ಹೋಗಿದ್ದಳು.

ಅಮ್ಮನ ವಿಷಯದಲ್ಲೂ ಹಾಗೇ ಆಯಿತು. ಅವಳ ಒಂದೆಲಗದ ತಂಬುಳಿಯ ರುಚಿ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ನನ್ನ ಹೆಂಡತಿ ಎಷ್ಟೋ ಸಲ ಮಾಡಿ ನೋಡಿದಳು. ಮಜ್ಜಿಗೆಗೆ ಮೊದಲು ಅಮ್ಮ ಏನು ಹುರಿದು ಹಾಕುತ್ತಿದ್ದಳೆಂದು ನಾನು ಕೇಳಿದ್ದರೆ ತಾನೇ?

ಮಕ್ಕಳೇ, ನಿಮ್ಮ ಹಿರಿಯರು ತಾವಾಗಿ ಹೇಳುವುದಿಲ್ಲ. ನಿಮಗೆ ಪುರಸೊತ್ತಿಲ್ಲ ಎಂದು ಅವರಿಗೆ ಗೊತ್ತು; ತೊಂದರೆ ಕೊಡಬಾರದೆಂದು ಸುಮ್ಮನಿರುತ್ತಾರೆ. ನೀವೇ ಕೇಳಬೇಕು. ಕೇಳುವಾಗಲೂ 'ನಿಮ್ಮ ಜೀವನ ಹೇಗಿತ್ತು' ಎಂದು ಕೇಳಬೇಡಿ. 'ಹೀಗೇ, ನಡೀತು' ಎಂದು ಮುಗಿಸಿಬಿಡುತ್ತಾರೆ. ಸಣ್ಣದನ್ನು ಕೇಳಿ. ಹಾಲು ಕರೆಯುವ ಹಸುವಿನ ಹೆಸರೇನಿತ್ತು? ಶಾಲೆಗೆ ಹೋಗುವಾಗ ಹಳ್ಳ ಹೇಗೆ ದಾಟುತ್ತಿದ್ದಿರಿ? ಮೊದಲ ಸಂಬಳದಲ್ಲಿ ಏನು ತಂದಿರಿ? ಸಣ್ಣ ಪ್ರಶ್ನೆಯ ಬೆನ್ನಿಗೆ ಇಡೀ ಊರೇ ಎದ್ದು ಬರುತ್ತದೆ.

ಎದುರಿಗೆ ಕೂರಿಸಿಕೊಂಡು ಕೇಳುವುದಕ್ಕಿಂತ, ಜೊತೆಗೆ ಏನಾದರೂ ಕೆಲಸ ಮಾಡುತ್ತಾ ಕೇಳಿ. ಅಡಿಕೆ ಸುಲಿಯುವ ರಾತ್ರಿಗಳು ನೆನಪಾಗುತ್ತವೆ. ಚಳಿ, ಮೆಟ್ಟುಗತ್ತಿಯ ಮಣೆಯ ಮೇಲೆ ಸಾಲಾಗಿ ಕೂತ ಜನ, ಒಲೆಯ ಮೇಲೆ ಕುದಿಯುವ ಚೊಗರಿನ ವಾಸನೆ, ನಡುರಾತ್ರಿಗೆ ಒಂದು ಲೋಟ ಬಿಸಿ ಕಷಾಯ. ಕೈ ಓಡುತ್ತಿದ್ದರೆ ಬಾಯಿ ತಾನಾಗಿ ತೆರೆಯುತ್ತಿತ್ತು. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖವನ್ನು ನಾನು ಕಂಡಿಲ್ಲ. ಪ್ರಶಸ್ತಿ ಬಂದ ದಿನಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಅಡಿಕೆ ಇಲ್ಲದಿದ್ದರೆ ಅವರೆಕಾಯಿ ಸುಲಿಯಿರಿ. ನಿಮ್ಮ ಜೇಬಿನ ಫೋನಿನಲ್ಲಿ ಧ್ವನಿ ಹಿಡಿದಿಡಬಹುದು, ನಮಗೆ ಆ ಅನುಕೂಲವೂ ಇರಲಿಲ್ಲ. ಅಪ್ಪಯ್ಯನ ಧ್ವನಿ ನನ್ನ ಹತ್ತಿರ ಇಲ್ಲ.

ಶರಾವತಿಯ ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದ ಕಾಲ ಮುಗಿಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ. ಮಳೆ ನಿಂತ ಮೇಲೆ ಮಗಳೊಂದಿಗೆ ಸಿಗಂದೂರಿಗೆ ಹೋದೆ. ಸೇತುವೆ ದಾಟಿದ ಮೇಲೆ ಕಾರು ನಿಲ್ಲಿಸಿ ತುಂಬಿದ ನೀರು ನೋಡುತ್ತಾ ನಿಂತಿದ್ದೆವು. ಮಗಳು ಇದ್ದಕ್ಕಿದ್ದಂತೆ, "ಅಪ್ಪಾ, ಅಜ್ಜನ ಮನೆ ಬಾವಿ ಮೂಡಲಿಗಿತ್ತು, ಅಲ್ವಾ?" ಎಂದಳು.

ನಿನಗೆ ಹೇಗೆ ಗೊತ್ತು ಎಂದೆ. ಎಂಟು ವರ್ಷದವಳಿದ್ದಾಗ ಅವಳು ಅಜ್ಜನನ್ನು ಕೇಳಿದ್ದಳಂತೆ: ನೀವು ನೀರು ಎಲ್ಲಿಂದ ತರ್ತಿದ್ರಿ? ಅಪ್ಪಯ್ಯ ಕವಳದ ಹರಿವಾಣ ಎಳೆದುಕೊಂಡು ಅದರಲ್ಲೇ ಊರು ಕಟ್ಟಿ ತೋರಿಸಿದರಂತೆ. ಬೆರಳಲ್ಲಿ ಸುಣ್ಣ ತೆಗೆದು ಎಳೆದ ಗೆರೆ ಹೊಳೆ. ಹಾಸಿದ ವೀಳ್ಯದೆಲೆ ತೋಟ. ಎಲೆಯ ತೊಟ್ಟು ಹಳ್ಳ ದಾಟುವ ಸಂಕ. ಅಡಿಕೆ ಹೋಳು ಮನೆ. ಸುಣ್ಣದ ಡಬ್ಬಿಯ ಮುಚ್ಚಳ ಬಾವಿ. ಒಂದು ಲವಂಗ, ಹಿತ್ತಲಿನ ಹಲಸಿನ ಮರ. "ಎಲ್ಲ ತೋರಿಸಿ ಆದಮೇಲೆ ಅಜ್ಜ ಆ ಎಲೆ ಅಡಿಕೆ ಬಾಯಿಗೆ ಹಾಕ್ಕೊಳ್ಳಲಿಲ್ಲ ಅಪ್ಪಾ, ಸಂಜೆಯವರೆಗೂ ಹಾಗೇ ಇಟ್ಟಿದ್ರು" ಎಂದಳು.

ಅವತ್ತು ನಾನು ಪಕ್ಕದ ಕೋಣೆಯಲ್ಲೇ ಬರೆಯುತ್ತಾ ಕೂತಿದ್ದಿರಬೇಕು.

ಮಗಳು ಆ ಹರಿವಾಣವನ್ನು ಒಂದು ಹಾಳೆಯ ಮೇಲೆ ಬಿಡಿಸಿಕೊಟ್ಟಿದ್ದಾಳೆ. ಅದು ಈಗ ನನ್ನ ಮೇಜಿನ ಎದುರಿನ ಗೋಡೆಯ ಮೇಲಿದೆ. ನಿಮ್ಮ ಅಪ್ಪ ಅಮ್ಮ ಇನ್ನೂ ಇದ್ದರೆ, 'ಮುಂದಿನ ವಾರ' ಎನ್ನಬೇಡಿ. ಈ ಶನಿವಾರ ರಾತ್ರಿಯ ಬಸ್ಸಿಗೆ ಇವತ್ತೇ ಟಿಕೆಟ್ ಮಾಡಿಸಿ.